ಪೀರ್ ಸಾಬ್ ಕೇಳಿದ ನಿಯಮ

ಐರ್ಲೆಂಡಿನ ಕಾರ್ಕ್‌ನಲ್ಲಿರುವ ನಮ್ಮ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡವನ್ನು ಹನ್ನೊಂದು ವರ್ಷ ಊರೂರಿಗೆ ಕರೆದೊಯ್ದವರು ಪೀರ್ ಸಾಬ್. ಮೂಲತಃ ಲಕ್ಷ್ಮೇಶ್ವರದವರು. ಹುಬ್ಬಳ್ಳಿಯಲ್ಲಿ ಲಾರಿ ಓಡಿಸಿಕೊಂಡಿದ್ದವರು ಇಲ್ಲಿನ ಮಾಂಸದ ಫ್ಯಾಕ್ಟರಿಯೊಂದಕ್ಕೆ ಹಲಾಲ್ ಕೆಲಸಕ್ಕೆಂದು ಬಂದರು. ನಾಲ್ಕು ವರ್ಷ ಅಲ್ಲಿನ ತಣ್ಣನೆಯ ಕೋಣೆಯಲ್ಲಿ ನಿಂತು ಮಂಡಿ ಹಿಡಿದುಕೊಂಡ ಮೇಲೆ ಬಸ್ ಲೈಸೆನ್ಸಿನ ಪರೀಕ್ಷೆಗೆ ಕೂತರು, ಮೂರನೆಯ ಸಲಕ್ಕೆ ಪಾಸಾದರು, ಒಂದು ಖಾಸಗಿ ಕೋಚ್ ಕಂಪನಿ ಸೇರಿದರು. ಆ ಕಂಪನಿಗೂ ನಮ್ಮ ಕಾಲೇಜಿಗೂ ಒಪ್ಪಂದವಿತ್ತು.

ನಾನು ಆ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ತಂಡದ ಅಭಿಮಾನಿಗಳ ಸಂಘದಲ್ಲಿ ನಡಾವಳಿ ಬರೆಯುವ ಕೆಲಸವೂ ನನ್ನದೇ. ಹಾಗಾಗಿ ಇದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಉಳಿದರ್ಧ ಪೀರ್ ಸಾಬರೇ ಹೇಳಿದ್ದು.

ಇಲ್ಲಿ ಕಾಲೇಜು ಫುಟ್‌ಬಾಲ್ ಅಂದರೆ ನಾವು ಊರಲ್ಲಿ ನೋಡಿದ ಆಟವಲ್ಲ, ಗೇಲಿಕ್. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು, ಮುಷ್ಟಿಯಿಂದ ಗುದ್ದಿ ಪಾಸ್ ಕೊಡಬಹುದು. ಎತ್ತರದ ಎರಡು ಕಂಬಗಳ ನಡುವೆ ಮೇಲಿಂದ ಹಾರಿಸಿದರೆ ಒಂದು ಪಾಯಿಂಟ್, ಕೆಳಗಿನ ಬಲೆಗೆ ಹೊಡೆದರೆ ಮೂರು. ಪಂದ್ಯ ನಡೆಯುವಾಗ ಡ್ರೈವರುಗಳು ಸಾಮಾನ್ಯವಾಗಿ ಬಸ್ಸಿನಲ್ಲೇ ನಿದ್ದೆ ಹೊಡೆಯುತ್ತಾರೆ. ಪೀರ್ ಸಾಬರೂ ಮೊದಲ ವರ್ಷ ಹಾಗೇ ಮಾಡಿದರು. ಒಂದು ದಿನ ಬಸ್ಸಿನ ಹೀಟರ್ ಕೆಟ್ಟಿತ್ತು ಅಂತ ಇಳಿದು ಹೋಗಿ ಗೆರೆಯ ಪಕ್ಕ ನಿಂತವರು, ಆಮೇಲೆ ಒಂದು ಪಂದ್ಯವನ್ನೂ ಬಿಡಲಿಲ್ಲ. ಎರಡು ವರ್ಷದಲ್ಲಿ ರೆಫರಿಗಳೆಲ್ಲರ ಹೆಸರು ಬಾಯಿಪಾಠವಾಗಿತ್ತು, ಅವರಲ್ಲಿ ಯಾರು ಯಾವ ತಪ್ಪಿಗೆ ಸೀಟಿ ಊದುವುದಿಲ್ಲ ಎನ್ನುವುದೂ.

ನಮ್ಮ ತಂಡ ಕಪ್ ಗೆದ್ದು ಹತ್ತೊಂಬತ್ತು ವರ್ಷವಾಗಿತ್ತು. ಒಮ್ಮೆ ಫೈನಲ್ಲಿನಲ್ಲಿ ರೆಫರಿ ಕೊಟ್ಟ ಹೆಚ್ಚುವರಿ ಐದು ನಿಮಿಷದಲ್ಲಿ ಸೋತಿದ್ದರು. ಅಂದಿನಿಂದ ಪೀರ್ ಸಾಬರಿಗೆ ಒಂದೇ ಹಟ: ದೊಡ್ಡ ಮೈದಾನಗಳಲ್ಲಿರುವ ಹಾಗೆ ಕಾಲೇಜು ಲೀಗಿಗೂ ಎಲ್ಲರಿಗೂ ಕಾಣುವ ಗಡಿಯಾರ ಬೇಕು, ಸಮಯ ಮುಗಿದ ತಕ್ಷಣ ಸೈರನ್ ಕೂಗಬೇಕು. "ನನ್ನ ಬಸ್ಸಿಗೆ ಟೈಮ್ ಐತೆ, ಇವರ ಆಟಕ್ಕೆ ಯಾಕಿಲ್ಲ?" ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದರು. ಅಭಿಮಾನಿಗಳೆಲ್ಲ ಹಾಗೇ, ಒಬ್ಬೊಬ್ಬರ ಜೇಬಿನಲ್ಲೂ ಒಂದೊಂದು ನಿಯಮವಿತ್ತು. ಗೋಲ್‌ಕೀಪರಿಗೆ ಚೆಂಡು ಹಿಂದಕ್ಕೆ ಕೊಡುವುದನ್ನು ನಿಲ್ಲಿಸಿ ಎಂದು ಒಬ್ಬರು, ಬುಧವಾರ ಮಧ್ಯಾಹ್ನ ಫೈನಲ್ ಇಟ್ಟರೆ ಕೆಲಸಕ್ಕೆ ಹೋಗುವವರು ನೋಡುವುದು ಹೇಗೆ ಎಂದು ಇನ್ನೊಬ್ಬರು.

ಚಿನ್ಮಯಿ ತಂಡಕ್ಕೆ ಬಂದದ್ದು ಅವಳ ಮೊದಲ ವರ್ಷದಲ್ಲೇ. ಇದೇ ದೇಶದ ಇನ್ನೊಂದು ಕಡೆಯ ಡ್ರೋಹೆಡಾ ಎಂಬ ಊರಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ತಾಯಿ ಜಯಮಾಲಾ ಮೈಸೂರಿನಲ್ಲಿ ಓದಿದ ಡಾಕ್ಟರ್, ಡ್ರೋಹೆಡಾದ ಆಸ್ಪತ್ರೆಯಲ್ಲಿ ಕೆಲಸ. ತಂದೆ ಜಯರಾಮ ಕಂಪ್ಯೂಟರ್ ಕಂಪನಿಯಲ್ಲಿದ್ದರು. ಮಗಳು ಓದಲು ಕಾರ್ಕ್‌ಗೆ ಬಂದು ಇನ್ನೂ ನಾಲ್ವರು ಹುಡುಗಿಯರ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಊಟ ಆಯ್ತೇನಮ್ಮ?" ಎಂದು ಪೀರ್ ಸಾಬ್ ಕೇಳಿದರೆ ಇಲ್ಲಿಯ ಹುಡುಗಿಯರ ರಾಗದಲ್ಲೇ "ಐ ಡಿಡ್, ಅಂಕಲ್" ಅನ್ನುವಳು. ಆರನೇ ನಂಬರಿನ ಜರ್ಸಿ. ಹಿಂದಿನ ಸಾಲಿನ ಮಧ್ಯದ ಜಾಗ ಅವಳದು, ಎತ್ತರಕ್ಕೆ ಬಂದ ಚೆಂಡು ಅವಳನ್ನು ದಾಟಿ ಹೋಗುತ್ತಿರಲಿಲ್ಲ. ಒಂದು ಯುಗಾದಿ ಕೂಟದಲ್ಲಿ ಜಯಮಾಲಾ ಅವರು ಪೀರ್ ಸಾಬರನ್ನು ಹುಡುಕಿಕೊಂಡು ಬಂದು, "ನನ್ನ ಮಗಳನ್ನ ನಿಮ್ಮ ಬಸ್ಸಲ್ಲೇ ಕರ್ಕೊಂಡು ಹೋಗೋದಂತೆ. ಸ್ವಲ್ಪ ನೋಡ್ಕೊಳ್ರಿ ಪೀರ್ ಸಾಬ್ರೇ" ಎಂದು ಫೋನ್ ನಂಬರ್ ಕೊಟ್ಟಿದ್ದರು.

ಎರಡು ವರ್ಷದ ಹಿಂದೆ, ಫೆಬ್ರವರಿಯ ಒಂದು ಗುರುವಾರ ಸೆಮಿಫೈನಲ್. ಎರಡನೇ ಅರ್ಧದಲ್ಲಿ ಚಿನ್ಮಯಿಯ ತಲೆಯ ಪಕ್ಕಕ್ಕೆ ಎದುರಿನವಳ ಮೊಣಕೈ ಬಿತ್ತು. ಕೆಳಗೆ ಬಿದ್ದವಳು ಅರ್ಧ ನಿಮಿಷ ಏಳಲಿಲ್ಲ. ಆ ಲೀಗಿನ ನಿಯಮ ಹೀಗಿತ್ತು: ರಕ್ತ ಬಂದರೆ ಆಟಗಾರ್ತಿಯನ್ನು ಹೊರಗೆ ಕರೆದು, ಪಟ್ಟಿ ಕಟ್ಟಿಸಿ, ಮತ್ತೆ ಒಳಗೆ ಕಳಿಸಬಹುದು. ಅಷ್ಟು ಹೊತ್ತು ಬದಲಿಗೆ ಇನ್ನೊಬ್ಬಳು ಆಡಬಹುದು. ರಕ್ತ ಬಾರದಿದ್ದರೆ ಆ ಅವಕಾಶವಿಲ್ಲ. ಒಮ್ಮೆ ಹೊರಗೆ ಹೋದವಳು ಹೊರಗೇ. ಚಿನ್ಮಯಿಗೆ ರಕ್ತ ಬಂದಿರಲಿಲ್ಲ. ಅಂತರವಿದ್ದದ್ದು ಎರಡು ಪಾಯಿಂಟ್. ಕೋಚ್ ಫಿಂಟನ್ ಓಡಿಹೋಗಿ ಕೇಳಿದ. ಅವಳು "ಐ ಆಮ್ ಗ್ರ್ಯಾಂಡ್" ಅಂದಳು, ಇಲ್ಲಿಯ ಮಾತಿನಲ್ಲಿ ಚೆನ್ನಾಗಿದ್ದೇನೆ ಎಂದು. ಆಟ ಮುಂದುವರಿಯಿತು, ತಂಡ ಗೆದ್ದಿತು.

ವಾಪಸು ಬರುವಾಗ ಬಸ್ಸಿನ ತುಂಬ ಹಾಡು. ಚಿನ್ಮಯಿ ಡ್ರೈವರ್ ಹಿಂದಿನ ಸೀಟಿಗೆ ಬಂದು ಕೂತಳು. ಸ್ವಲ್ಪ ದೂರ ಹೋದ ಮೇಲೆ ಮುಂದಕ್ಕೆ ಬಾಗಿ, "ಪೀರ್ ಅಂಕಲ್, ನಾವು ಗೆದ್ವಾ?" ಎಂದಳು.

ಕನ್ನಡದಲ್ಲಿ ಕೇಳಿದ್ದಳು. ಪೀರ್ ಸಾಬರಿಗೆ ಖುಷಿಯೇ ಆಯಿತು. "ಗೆದ್ವಮ್ಮ, ಫೈನಲ್‌ಗೆ ಬಂದ್ವಿ" ಅಂದರು.

ಹತ್ತು ನಿಮಿಷವಾಯಿತು. "ಅಂಕಲ್, ನಾವು ಗೆದ್ವಾ?"

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ನಕ್ಕರು. ಮೂರನೆಯ ಸಲ ಅವಳು ಕೇಳಿದ್ದು ಬೇರೆಯೇ. ಚಿಕ್ಕ ಮಗುವಿನ ಧ್ವನಿಯಲ್ಲಿ, "ಅಂಕಲ್, ಮನೆ ಬಂತಾ?" ಕನ್ನಡಿಯಲ್ಲಿ ನೋಡಿದರೆ ಕಣ್ಣು ಅರ್ಧ ಮುಚ್ಚಿತ್ತು, ಕೈಯಲ್ಲಿ ಒಂದೇ ಬೂಟು ಹಿಡಿದುಕೊಂಡಿದ್ದಳು.

ಪೆಟ್ರೋಲ್ ಬಂಕಿನ ಬಳಿ ಎಲ್ಲರೂ ಚಿಪ್ಸ್ ತರಲು ಇಳಿದಾಗ ಪೀರ್ ಸಾಬ್ ಫಿಂಟನ್‌ನನ್ನು ಪಕ್ಕಕ್ಕೆ ಕರೆದು ಹೇಳಿದರು. ಫಿಂಟನ್ ಕೆಟ್ಟವನಲ್ಲ. ಸಂಬಳವಿಲ್ಲದೆ ಏಳು ವರ್ಷದಿಂದ ಆ ತಂಡಕ್ಕೆ ದುಡಿದವನು. ಬಸ್ ಹತ್ತಿ ಹೋಗಿ ಅವಳನ್ನು ಮಾತಾಡಿಸಿ ಬಂದು, "ಸುಸ್ತಾಗಿದೆ ಅಷ್ಟೇ, ಪೀರ್. ಗ್ರ್ಯಾಂಡ್ ಅಂತ ಅವಳೇ ಹೇಳಿದಳು. ನಾಳೆ ಫೋನ್ ಮಾಡಿ ಕೇಳ್ತೀನಿ" ಅಂದ.

ಕಾರ್ಕ್ ಮುಟ್ಟಿ ಎಲ್ಲರೂ ಇಳಿದು ಹೋದ ಮೇಲೆ ಚಿನ್ಮಯಿ ಬಸ್ಸಿನ ಹಿಂಬದಿಗೆ ಹೋಗಿ ವಾಂತಿ ಮಾಡಿಕೊಂಡಳು. ಪೀರ್ ಸಾಬ್ ನೀರು ಕೊಟ್ಟು ಬೆನ್ನು ಸವರಿದರು. ಅಷ್ಟು ಹೊತ್ತಿಗೆ ಅವಳು ಮಾಮೂಲಾಗಿದ್ದಳು, ಮಾತು ಮತ್ತೆ ಇಂಗ್ಲಿಷಿಗೆ ತಿರುಗಿತ್ತು. ಒಂದು ಮಾತನ್ನು ಮಾತ್ರ ಅವರಿಗೆ ನಾಟಲಿ ಅಂತಲೋ ಏನೋ ಕನ್ನಡದಲ್ಲಿ ಹೇಳಿದಳು: "ಅಮ್ಮಂಗೆ ಹೇಳ್ಬೇಡಿ ಅಂಕಲ್. ಪ್ಲೀಸ್. ಅಮ್ಮ ಡಾಕ್ಟರ್, ಆಡಕ್ಕೆ ಬಿಡಲ್ಲ."

"ಹೇಳಲ್ಲಮ್ಮ" ಅಂದರು ಪೀರ್ ಸಾಬ್.

ಶನಿವಾರ ಹೆಂಡತಿ ರೋಶನ್ ಬೀ ಮುಂದೆ ಈ ಮಾತು ತೆಗೆದರು. ರೊಟ್ಟಿ ತಟ್ಟುತ್ತಿದ್ದ ರೋಶನ್ ಬೀ ಕೈ ನಿಲ್ಲಿಸಿ, "ಫೋನ್ ಮಾಡ್ರೀ ಆಯಮ್ಮಂಗೆ. ನಂಬರ್ ಕೊಟ್ಟಿರೋದು ಯಾಕೆ ಮತ್ತೆ?" ಅಂದರು.

"ಹುಡುಗಿಗೆ ಮಾತು ಕೊಟ್ಟಿದೀನಿ."

"ಮಾತು ಆಮೇಲೆ. ತಲೆ ಅಲ್ವಾ?"

"ಬುಧವಾರ ಫೈನಲ್ ಮುಗೀಲಿ. ಮುಗಿದ ತಕ್ಷಣ ನಾನೇ ಹೇಳ್ತೀನಿ."

ರೋಶನ್ ಬೀ ಮುಖ ತಿರುಗಿಸಿಕೊಂಡು ಮತ್ತೆ ರೊಟ್ಟಿ ತಟ್ಟಿದರು. ಪೀರ್ ಸಾಬ್ ಎರಡು ಸಲ ಫೋನ್ ಕೈಗೆತ್ತಿಕೊಂಡರಂತೆ, ಎರಡು ಸಲವೂ ಕೆಳಗಿಟ್ಟರಂತೆ. ಸೋಮವಾರ ಫಿಂಟನ್ ಸಿಕ್ಕಿ, ತರಬೇತಿಯಲ್ಲಿ ಚೆನ್ನಾಗಿಯೇ ಓಡಿದಳು ಎಂದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಬುಧವಾರದ ಫೈನಲ್ ಪಕ್ಕದ ಟಿಪ್ಪರರಿ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ. ನಾನೂ ರಜೆ ಹಾಕಿ ಹೋಗಿದ್ದೆ. ಬಿಸಿಲಿತ್ತು, ಗಾಳಿಯಿತ್ತು. ಎರಡನೇ ಅರ್ಧ ಶುರುವಾಗಿ ಕಾಲು ಗಂಟೆಯಾಗಿರಬೇಕು, ಚೆಂಡು ಎತ್ತರಕ್ಕೆ ಬಂತು. ಚಿನ್ಮಯಿ ಹಾರಿದಳು, ಇನ್ನೊಬ್ಬಳೂ ಹಾರಿದಳು. ಭುಜಕ್ಕೆ ಭುಜ ತಾಗಿತು. ದೊಡ್ಡ ಪೆಟ್ಟೇನಲ್ಲ, ರೆಫರಿ ಸೀಟಿಯನ್ನೂ ಊದಲಿಲ್ಲ. ಅವಳು ನೆಲಕ್ಕೆ ಬಂದು, ಚೆಂಡು ಬಿಟ್ಟು, ಎರಡು ಹೆಜ್ಜೆ ನಡೆದಳು. ಮೂರನೆಯದಕ್ಕೆ ಕಾಲು ಮಡಚಿತು. ಕೈ ಊರಲೂ ಇಲ್ಲ, ಮುಖ ಅಡಿಯಾಗಿ ಬಿದ್ದಳು.

ಮೈದಾನದಲ್ಲಿ ವೈದ್ಯರಿರಲಿಲ್ಲ. ಪ್ರಥಮ ಚಿಕಿತ್ಸೆಯ ಚೀಲ ಹಿಡಿದ ಒಬ್ಬ ಸ್ವಯಂಸೇವಕಿಯಿದ್ದಳು. ಆಂಬುಲೆನ್ಸ್ ಬರುವವರೆಗೆ ಹುಡುಗಿಯರು ತಮ್ಮ ಜಾಕೆಟ್ಟುಗಳನ್ನೆಲ್ಲ ತಂದು ಅವಳ ಮೇಲೆ ಹೊದಿಸಿದರು. ಪೀರ್ ಸಾಬ್ ತಂತಿ ಬೇಲಿ ದಾಟಿ ಬಂದು ಅವಳ ಕಾಲ ಬಳಿ ಕೂತಿದ್ದರು. ಅವಳ ಒಂದು ಕಣ್ಣಿನ ಪಾಪೆ ದೊಡ್ಡದಾಗಿತ್ತು, ಇನ್ನೊಂದು ಚಿಕ್ಕದಿತ್ತು.

ಆಂಬುಲೆನ್ಸ್ ಹೋದ ಮೇಲೆ ಇಪ್ಪತ್ತು ನಿಮಿಷ ಬಿಟ್ಟು ಪಂದ್ಯ ಮುಂದುವರಿಸಿದರು. ಎರಡೂ ಕಡೆಯವರು ಒಪ್ಪಿದರು, ಚಿನ್ಮಯಿಗೋಸ್ಕರ ಆಡೋಣ ಎಂದು ಯಾರೋ ಅಂದರು. ನಾವು ಗೆದ್ದೆವು. ಹತ್ತೊಂಬತ್ತು ವರ್ಷದ ಮೇಲೆ ಬಂದ ಕಪ್ಪನ್ನು ಎಲ್ಲಿಡುವುದು ಎಂದು ಯಾರಿಗೂ ತೋಚದೆ ಬಸ್ಸಿನ ಲಗೇಜಿನ ಗೂಡಿನಲ್ಲಿ ಬ್ಯಾಗುಗಳ ನಡುವೆ ಇಟ್ಟರು.

ಕಾರ್ಕ್‌ನ ದೊಡ್ಡ ಆಸ್ಪತ್ರೆಯಲ್ಲಿ ಅಂದೇ ತಲೆಯ ಆಪರೇಷನ್ ಆಯಿತು. ಜಯಮಾಲಾ, ಜಯರಾಮ ಡ್ರೋಹೆಡಾದಿಂದ ಕಾರಿನಲ್ಲಿ ಬಂದರು. ಮೂರನೆಯ ದಿನ ಪೀರ್ ಸಾಬ್ ಆಸ್ಪತ್ರೆಗೆ ಹೋದರು. ಜೊತೆಗೆ ರೋಶನ್ ಬೀ ಕಟ್ಟಿಕೊಟ್ಟ ಅನ್ನ ಸಾರಿನ ಡಬ್ಬಿ. ಐಸಿಯು ಹೊರಗಿನ ಕುರ್ಚಿಯಲ್ಲಿ ಜಯಮಾಲಾ ಒಬ್ಬರೇ ಇದ್ದರು. ಡಬ್ಬಿ ತೆಗೆದುಕೊಂಡು ಪಕ್ಕದಲ್ಲಿಟ್ಟರು.

"ಎರಡನೇ ಪೆಟ್ಟು ಇದು ಅಂತಾರೆ ಸರ್ಜನ್" ಅಂದರು ಜಯಮಾಲಾ. "ಮೊದಲನೇದು ಒಳಗೆ ವಾಸಿಯಾಗೋಕೆ ಮುಂಚೆ ಇನ್ನೊಂದು. ಅವಳ ಫ್ರೆಂಡ್ಸ್ ಏನೇನೋ ಹೇಳ್ತಾರೆ. ಗುರುವಾರ ಏನಾದ್ರೂ ಆಗಿತ್ತಾ, ಪೀರ್ ಸಾಬ್ರೇ?"

ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿಯೂ ತೆರೆದಿದ್ದೆ ಎಂದು ಅವರೇ ಆಮೇಲೆ ನನಗೆ ಒಪ್ಪಿಕೊಂಡರು. ಆದರೆ ಬಾಯಿಗೆ ಬಂದದ್ದು ಪೂರ್ತಿ ನಿಜ. ಮೂರು ಸಲ ಕೇಳಿದ್ದು, ಬೂಟು, ವಾಂತಿ, ಕೊಟ್ಟ ಮಾತು, ಎಲ್ಲ.

ಜಯಮಾಲಾ ಕೂಗಾಡಲಿಲ್ಲ. "ಗುರುವಾರದಿಂದ ಬುಧವಾರ. ಆರು ದಿನ" ಅಂದರು. "ನಾನು ವಾರಕ್ಕೆ ಇಂಥವರನ್ನ ಹತ್ತು ಜನ ನೋಡ್ತೀನಿ. ರೆಸ್ಟ್ ಮಾಡಿ, ಆಡ್ಬೇಡಿ ಅಂತ ಹೇಳಿ ಮನೆಗೆ ಕಳಿಸ್ತೀನಿ. ಅಷ್ಟೇ ಟ್ರೀಟ್‌ಮೆಂಟು. ಅಷ್ಟೇ ಬೇಕಾಗಿದ್ದು ಅವಳಿಗೆ."

"ತಪ್ಪಾಯ್ತಮ್ಮ."

"ನನ್ನ ನಂಬರ್ ಇತ್ತಲ್ಲ ನಿಮ್ಮ ಹತ್ರ?"

"ಇತ್ತಮ್ಮ."

"ಹೋಗಿ ಪೀರ್ ಸಾಬ್ರೇ. ಇಲ್ಲಿ ಕೂತ್ಕೋಬೇಡಿ."

ಅವರು ಎದ್ದು ಬಂದರು. ಬಸ್ ಸ್ಟಾಪಿನ ತನಕ ಹೋಗಿ, ಬಂದ ಮೂರು ಬಸ್ಸುಗಳನ್ನೂ ಬಿಟ್ಟು, ಕೊನೆಗೆ ಮನೆಗೆ ನಡೆದೇ ಹೋದರಂತೆ. ಆ ವಾರವೇ ಕಂಪನಿಗೆ ಹೇಳಿ ಕಾಲೇಜಿನ ಟ್ರಿಪ್ ಬಿಟ್ಟರು.

ಮೇ ತಿಂಗಳಲ್ಲಿ ಲೀಗಿನಿಂದ ಎಲ್ಲ ಕಾಲೇಜುಗಳ ಅಭಿಮಾನಿ ಸಂಘಗಳಿಗೂ ಒಂದು ಪತ್ರ ಬಂತು. ಆಟದ ನಿಯಮಗಳಲ್ಲಿ ಏನು ಬದಲಾಗಬೇಕೆಂದು ಅಭಿಮಾನಿಗಳೇ ಬರೆದು ಕಳಿಸಬೇಕು, ಶರತ್ಕಾಲದ ಸಭೆಯಲ್ಲಿ ಅವನ್ನು ಮತಕ್ಕೆ ಹಾಕಲಾಗುವುದು. ನಮ್ಮ ಸಂಘದ ಸಭೆ ಕ್ಲಬ್ಬಿನ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಸೇರಿತು. ನಲವತ್ತು ಜನರಿದ್ದರು. ಅಧ್ಯಕ್ಷೆ ನೋರೀನ್, ನಿವೃತ್ತ ಟೀಚರ್, ಒಂದೊಂದೇ ಸಲಹೆ ಓದಿದರು. ಗೋಲ್‌ಕೀಪರಿಗೆ ಹಿಂದಕ್ಕೆ ಪಾಸ್ ಬೇಡ. ದೂರದಿಂದ ಹೊಡೆದರೆ ಎರಡು ಪಾಯಿಂಟ್ ಕೊಡಿ. ಪೀರ್ ಸಾಬರ ಹಳೆಯ ಗಡಿಯಾರದ ಸಲಹೆಯನ್ನೂ ಯಾರೋ ಅವರ ಹೆಸರಿನಲ್ಲೇ ಬರೆದು ಹಾಕಿದ್ದರು. ನೋರೀನ್ ಅದನ್ನು ಓದಿ, "ಪೀರ್, ಇದರ ಬಗ್ಗೆ ಮಾತಾಡ್ತೀರಾ?" ಎಂದರು. ಅವರು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದು ಆಗಲೇ ನನಗೆ ಗೊತ್ತಾದದ್ದು.

ಪೀರ್ ಸಾಬ್ ಎದ್ದು ನಿಂತರು. ತಮ್ಮ ಇಂಗ್ಲಿಷಿನಲ್ಲಿ, ನಡುನಡುವೆ ತಡವರಿಸುತ್ತ ಆಡಿದ ಮಾತು. ನಡಾವಳಿಗೆ ಬರೆದುಕೊಂಡದ್ದನ್ನೇ ಕನ್ನಡಕ್ಕೆ ತಿರುಗಿಸಿ ಇಲ್ಲಿ ಕೊಡುತ್ತಿದ್ದೇನೆ.

"ಗಡಿಯಾರ ನನಗೆ ಬೇಡ. ಬೇರೆ ಒಂದು ಕೇಳ್ತೀನಿ. ನನ್ನ ಬಸ್ಸಲ್ಲಿ ಒಂದು ಮೆಷಿನ್ ಐತೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಮುಕ್ಕಾಲು ಗಂಟೆ ನಿಲ್ಲಿಸಲೇಬೇಕು. ನನಗೆ ನಿದ್ದೆ ಬಂದಿಲ್ಲ, ನಾನು ಗ್ರ್ಯಾಂಡ್ ಅಂದ್ರೆ ಯಾರೂ ಕೇಳಲ್ಲ. ಯಾಕಂದ್ರೆ ಸುಸ್ತಾದವನಿಗೆ ತಾನು ಸುಸ್ತಾಗಿದೀನಿ ಅಂತ ಗೊತ್ತಾಗಲ್ಲ. ಆ ಹುಡುಗಿಗೆ ರಕ್ತ ಬಂದಿದ್ರೆ ರೂಲ್ ಇತ್ತು. ರಕ್ತ ಒಳಗೆ ಇತ್ತು, ಅದಕ್ಕೆ ರೂಲ್ ಇರಲಿಲ್ಲ. ತಲೆಗೆ ಪೆಟ್ಟು ಬಿದ್ರೆ ಹೊರಗೆ ಕರೀಬೇಕು, ಅಷ್ಟು ಹೊತ್ತು ಬದಲಿ ಕೊಡಬೇಕು. ಆಡಬಹುದೋ ಬೇಡವೋ ಅಂತ ಡಾಕ್ಟರ್ ಹೇಳಬೇಕು. ಕೋಚ್ ಅಲ್ಲ, ಹುಡುಗಿನೂ ಅಲ್ಲ."

ಫಿಂಟನ್ ಮುಂದಿನ ಸಾಲಿನಲ್ಲಿದ್ದ. ಅವನ ಮುಖ ಈ ಮೂರು ತಿಂಗಳಲ್ಲಿ ಹತ್ತು ವರ್ಷ ಮುದಿಯಾಗಿತ್ತು. ತಿರುಗದೆಯೇ ಹೇಳಿದ: "ಅವಳಿಗೆ ಇಪ್ಪತ್ತು ವರ್ಷ, ಪೀರ್. ದೊಡ್ಡವಳು. ನಾನು ಕೇಳಿದೆ, ಅವಳು ಉತ್ತರ ಕೊಟ್ಟಳು. ಇನ್ನೇನು ಮಾಡಬೇಕಿತ್ತು?"

"ಪೆಟ್ಟು ಬಿದ್ದಿರೋದು ತಲೆಗೆ, ಫಿಂಟನ್. ಉತ್ತರ ಕೊಟ್ಟಿದ್ದೂ ಅದೇ ತಲೆ."

ಪೀರ್ ಸಾಬ್ ಕೂರುತ್ತಾರೆ ಅಂದುಕೊಂಡೆ. ಕೂರಲಿಲ್ಲ.

"ನಿನ್ನ ಮೇಲೆ ಹೇಳ್ತಿಲ್ಲ. ನೀನು ಒಂದು ಸಲ ಕೇಳಿದೆ. ನಾನು ಆರು ದಿನ ಸುಮ್ಮನಿದ್ದೆ. ಹುಡುಗಿಗೆ ಮಾತು ಕೊಟ್ಟಿದ್ದೆ ಅಂತ ಹೆಂಡತಿಗೆ ಹೇಳಿದೆ. ಅದು ಸುಳ್ಳು. ನನಗೆ ಕಪ್ ಬೇಕಿತ್ತು. ಆರನೇ ನಂಬರ್ ಇಲ್ಲದಿದ್ರೆ ಗೆಲ್ಲಲ್ಲ ಅಂತ ನನಗೆ ಗೊತ್ತಿತ್ತು. ಇಲ್ಲಿರೋ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ನಮ್ಮಂಥವರ ಕೈಗೆ ಇದನ್ನ ಬಿಡಬಾರದು."

ಕೈ ಎತ್ತಿಸಿ ಎಣಿಸಿದೆವು. ಪರವಾಗಿ ಮೂವತ್ತೊಂದು, ವಿರೋಧವಾಗಿ ನಾಲ್ಕು. ಫಿಂಟನ್ ಯಾವುದಕ್ಕೂ ಕೈ ಎತ್ತಲಿಲ್ಲ. ಜೂನ್ ಕೊನೆಗೆ ಅವನು ಕೋಚಿಂಗ್ ಬಿಟ್ಟ.

ಅಕ್ಟೋಬರಿನ ಲೀಗ್ ಸಭೆಯಲ್ಲಿ ಎಂಟು ಕಾಲೇಜುಗಳ ಪ್ರತಿನಿಧಿಗಳಿದ್ದರು. ನಿಯಮ ಬದಲಾಗಲು ಆರು ಮತ ಬೇಕು. ವಾರದ ನಡುವೆ ಮಧ್ಯಾಹ್ನ ಮೈದಾನಕ್ಕೆ ಡಾಕ್ಟರನ್ನು ಎಲ್ಲಿಂದ ತರುವುದು ಎಂದು ಸಣ್ಣ ಕಾಲೇಜುಗಳವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಸಲಹೆಯನ್ನು ಎರಡು ಹೋಳು ಮಾಡಿದರು. ತಲೆಗೆ ಪೆಟ್ಟಾದರೆ ಹತ್ತು ನಿಮಿಷ ಬದಲಿ ಆಟಗಾರ್ತಿ ಎನ್ನುವ ಭಾಗ ಪಾಸಾಯಿತು. ವೈದ್ಯರ ಮಾತೇ ಕೊನೆ ಎನ್ನುವ ಭಾಗ ಬಿದ್ದುಹೋಯಿತು.

ಆ ಹೊತ್ತಿಗೆ ಚಿನ್ಮಯಿಯನ್ನು ಡ್ರೋಹೆಡಾದ ಮನೆಗೆ ಕರೆತಂದಿದ್ದರು. ನವೆಂಬರಿನಲ್ಲಿ ಪೀರ್ ಸಾಬ್ ನನ್ನನ್ನು ಜೊತೆಗೆ ಕರೆದುಕೊಂಡು ಅಲ್ಲಿಗೆ ಹೋದರು. ಒಬ್ಬರೇ ಹೋಗುವ ಧೈರ್ಯವಿರಲಿಲ್ಲ. ಬಾಗಿಲು ತೆಗೆದ ಜಯರಾಮ ನಮ್ಮನ್ನು ನೋಡಿ ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಕೆಳಗಿನ ಕೋಣೆಯಲ್ಲಿ, ಮುಂಚೆ ಸೋಫಾ ಇದ್ದ ಜಾಗದಲ್ಲಿ ಮಂಚ. ಚಿನ್ಮಯಿಯ ಬಲಗೈ ಮಡಚಿಕೊಂಡು ಎದೆಗೆ ಅಂಟಿತ್ತು. ಕೂದಲು ಗಿಡ್ಡವಾಗಿ ಬೆಳೆದಿತ್ತು. ಕಿಟಕಿಯ ಕಡೆ ನೋಡುತ್ತಿದ್ದಳು.

"ಚಿನ್ನು, ಯಾರು ಬಂದಿದಾರೆ ನೋಡು" ಅಂದರು ಜಯಮಾಲಾ.

ಅವಳು ನಮ್ಮಿಬ್ಬರನ್ನೂ ನಿಧಾನವಾಗಿ ನೋಡಿದಳು. ಗುರುತು ಸಿಗಲಿಲ್ಲ. ನೀರು ಬೇಕು ಅನ್ನಲು ತುಟಿ ತುಂಬ ಹೊತ್ತು ಕಷ್ಟಪಟ್ಟಿತು. ಜಯಮಾಲಾ ಕೊಳವೆಯಿದ್ದ ಲೋಟ ಹಿಡಿದು ಕುಡಿಸಿದರು. ಕೆಲಸವನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿಕೊಂಡಿದ್ದರು.

ಪೀರ್ ಸಾಬ್ ಜೇಬಿನಿಂದ ಹೊಸ ನಿಯಮದ ಪ್ರತಿ ತೆಗೆದು ಮೇಜಿನ ಮೇಲಿಟ್ಟರು. ಜಯಮಾಲಾ ಕನ್ನಡಕ ಹಾಕಿಕೊಂಡು ನಿಂತೇ ಓದಿದರು.

"ಹತ್ತು ನಿಮಿಷ ಹೊರಗೆ ಕೂರಿಸ್ತಾರೆ. ಸರಿ. ಆ ಹತ್ತು ನಿಮಿಷದಲ್ಲಿ ಅವಳನ್ನ ಯಾರು ನೋಡ್ತಾರೆ ಅಂತ ಇಲ್ವಲ್ಲ ಇದರಲ್ಲಿ?"

"ಇಲ್ಲಮ್ಮ. ಅದನ್ನ ಬಿಟ್ಟುಬಿಟ್ರು."

"ಹಾಗಾದ್ರೆ ಇದು ಏನೂ ಅಲ್ಲ." ಕಾಗದವನ್ನು ಮಡಚಿ ಅವರ ಕೈಗೇ ಕೊಟ್ಟರು. ಮಗಳ ಹೊದಿಕೆ ಸರಿಮಾಡಿ, "ಪ್ರತಿ ಟೀಮಿಗೂ ಡಾಕ್ಟರ್ ಸಿಗಲ್ಲ. ನಿಜ. ಆದ್ರೆ ಇಬ್ಬರಿಗೆ ಒಂದು ದಿನದ ಟ್ರೇನಿಂಗ್ ಕೊಡಬಹುದು. ಟೀಮಿಗೆ ಸಂಬಂಧ ಇಲ್ಲದವರಿಗೆ. ಡೌಟ್ ಬಂದ್ರೆ ಅವತ್ತು ಆಟ ಇಲ್ಲ, ಮೂರು ವಾರ ಆಟ ಇಲ್ಲ. ಮನೆಯವರಿಗೆ ಅವತ್ತೇ ಫೋನ್. ಹಾಗೆ ಬರೀರಿ" ಅಂದರು.

"ನನಗೆ ಬರೆಯೋಕೆ ಬರಲ್ಲಮ್ಮ."

ಜಯಮಾಲಾ ನನ್ನ ಕಡೆ ತಿರುಗಿದರು. "ನೀವು ಬರ್ಕೊಳ್ಳಿ." ಮತ್ತೆ ಪೀರ್ ಸಾಬರಿಗೆ, "ನಾನು ಕ್ಷಮಿಸಿದೀನಿ ಅಂತ ಅಂದ್ಕೋಬೇಡಿ" ಅಂದರು.

"ಅಂದ್ಕೊಳ್ಳಲ್ಲಮ್ಮ."

ಆ ಚಳಿಗಾಲದಲ್ಲಿ ಮೂರು ಸಲ ಹೋಗಿ ಬಂದೆವು. ಜಯಮಾಲಾ ಹೇಳಿದಂತೆ ಒಂದು ಪುಟದ ನಿಯಮ ಸಿದ್ಧವಾಯಿತು. ಪೀರ್ ಸಾಬ್ ಆ ಪುಟ ಹಿಡಿದು ಉಳಿದ ಏಳು ಕಾಲೇಜುಗಳ ಅಭಿಮಾನಿಗಳ ಬಳಿಗೂ ಹೋದರು. ವಾರದ ರಜೆಯ ದಿನ ಗೇಟಿನ ಬಳಿ ನಿಂತು, ಪಂದ್ಯಕ್ಕೆ ಬರುವವರಿಗೆ ಕೊಟ್ಟರು. ಒಳಗೆ ಹೋಗಿ ಆಟ ಮಾತ್ರ ನೋಡಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ಅದು ಮತಕ್ಕೆ ಬಂತು. ಐದು ಕಾಲೇಜು ಕೈ ಎತ್ತಿದವು. ಎತ್ತದ ಮೂರರಲ್ಲಿ ನಮ್ಮದೂ ಒಂದು. ಚಿನ್ಮಯಿಯ ತಂದೆತಾಯಿ ಪರಿಹಾರ ಕೇಳಿ ಹಾಕಿದ ಕೇಸು ವಕೀಲರ ಬಳಿ ಇರುವಾಗ ಇಂಥ ನಿಯಮಕ್ಕೆ ಒಪ್ಪಿದರೆ ಮುಂಚೆ ತಪ್ಪಾಗಿತ್ತೆಂದು ಒಪ್ಪಿದಂತಾಗುತ್ತದೆ ಎಂದು ಆಡಳಿತದವರಿಗೆ ಯಾರೋ ಸಲಹೆ ಕೊಟ್ಟಿದ್ದರಂತೆ. ಒಂದು ಮತದಿಂದ ಬಿದ್ದುಹೋಯಿತು.

ಸುದ್ದಿ ಹೇಳಲು ನಾನೇ ಜಯಮಾಲಾ ಅವರಿಗೆ ಫೋನ್ ಮಾಡಿದೆ. ಅವರು ಕೇಳಿಸಿಕೊಂಡು, "ನಮ್ಮ ಕೇಸಿಂದ ಬಿತ್ತಾ?" ಅಂದರು. ಹೌದು ಅಂದೆ. ಆಚೆ ಕಡೆಯಿಂದ ಚಿನ್ಮಯಿ ಏನೋ ಕೂಗಿದ್ದು ಕೇಳಿಸಿತು, ಅವರು ಫೋನ್ ಇಟ್ಟರು.

ಪೀರ್ ಸಾಬ್ ಈಗ ಆಸ್ಪತ್ರೆ ಸಿಬ್ಬಂದಿಯ ಬಸ್ ಓಡಿಸುತ್ತಾರೆ. ನಿಯಮ ಬದಲಿಸಿ ಎಂದು ಲೀಗಿಗೆ ಕೊಡುವ ಈ ವರ್ಷದ ಅರ್ಜಿಗೆ ಕೊನೆಯ ದಿನ ಜೂನ್ ಮೂವತ್ತು. ಹೋದ ವಾರ ಲೈಬ್ರರಿಗೆ ಬಂದು ಅದೇ ಪುಟದ ಇನ್ನೂರು ಪ್ರತಿ ತೆಗೆಸಿಕೊಂಡು ಹೋದರು.